ಹದಿಮೂರನೆಯ ತಿಂಗಳ ಕಂತು

ಆ ಬಜೆಟ್ಟನ್ನು ನಾನು ಬರೆದದ್ದು ಔಷಧದಂಗಡಿಯವರು ಪುಕ್ಕಟೆ ಕೊಟ್ಟಿದ್ದ ಇಂಗ್ಲಿಷ್ ಕ್ಯಾಲೆಂಡರಿನ ಬೆನ್ನ ಮೇಲೆ. ವರ್ಷ ಮುಗಿಯುತ್ತ ಬಂದಿತ್ತು, ಕಾಗದ ದಪ್ಪಗಿತ್ತು, ಬಿಸಾಡಲು ಮನಸ್ಸಾಗಲಿಲ್ಲ. ದೀಪಾವಳಿ ಪಾಡ್ಯದ ಬೆಳಿಗ್ಗೆ ಜಮಖಂಡಿಯ ಪೇಟೆಯಲ್ಲಿ ವ್ಯಾಪಾರಿಗಳೆಲ್ಲ ಹೊಸ ಕೀರ್ದಿ ಪುಸ್ತಕಕ್ಕೆ ಅರಿಸಿನ ಕುಂಕುಮ ಹಚ್ಚುತ್ತಿದ್ದರೆ, ನಾನು ನೆಲದ ಮೇಲೆ ಕೂತು ಸ್ಕೇಲಿನಿಂದ ಗೆರೆ ಎಳೆದು, ನವೆಂಬರಿನಿಂದ ಸೆಪ್ಟೆಂಬರಿನವರೆಗೆ ಹನ್ನೊಂದು ಮನೆ ಮಾಡಿ, ಪ್ರತಿ ಮನೆಯಲ್ಲಿ ಬರುವ ಹಣ ಮೇಲೆ, ಹೋಗುವ ಹಣ ಕೆಳಗೆ ಬರೆದೆ. ಬೆಳಗಾವಿಯ ಕಾನ್ವೆಂಟಿನಲ್ಲಿ ಬುಕ್-ಕೀಪಿಂಗ್ ಕಲಿಸಿದ ಸಿಸ್ಟರ್ ನೋಡಿದ್ದರೆ ‘ವೆರಿ ನೀಟ್’ ಎನ್ನುತ್ತಿದ್ದರು. ನೀಟ್ ಆಗಿಯೇ ಇತ್ತು. ತಪ್ಪು ಗೆರೆಗಳಲ್ಲಿರಲಿಲ್ಲ.

ನಮ್ಮ ಕಂಪನಿಗೆ ಆಗ ಒಂಬತ್ತು ದಿನದ ವಯಸ್ಸು. ಕಂಪನಿ ಎಂದರೆ ಮದುವೆಗಳಿಗೆ ಲೌಡ್‌ಸ್ಪೀಕರ್ ಬಾಡಿಗೆಗೆ ಕೊಡುವುದು. ಸಂಸ್ಥಾನ ಹೋಗಿ ನಾವು ಮುಂಬಯಿ ರಾಜ್ಯದವರಾಗಿ ನಾಲ್ಕೈದು ವರ್ಷ ಕಳೆದಿತ್ತು. ನನ್ನ ಯಜಮಾನರು ಪುಣೆಯ ರೇಡಿಯೋ ಅಂಗಡಿಯೊಂದರಲ್ಲಿ ಬೆಸುಗೆ ಹಾಕುತ್ತ ದುಡಿದು, ಮುನ್ನೂರು ರೂಪಾಯಿ ಕೂಡಿಸಿಕೊಂಡು ಊರಿಗೆ ಬಂದಿದ್ದರು. ಇನ್ನು ಮುನ್ನೂರು ಹಾಕಿದವರು ಅವರ ಶಾಲೆಯ ಗೆಳೆಯ, ಮಹಾಲಿಂಗಪುರದ ಬೆಲ್ಲದ ದಲಾಲರು. ಆಂಪ್ಲಿಫೈಯರ್, ಕಹಳೆಯಂತೆ ಬಾಯಿ ತೆರೆದ ಒಂದು ಭೋಂಗಾ, ಮೈಕು, ಕೈಯಿಂದ ಕೀಲಿ ಕೊಡುವ ಗ್ರಾಮೋಫೋನು, ಎರಡು ಮೋಟಾರು ಬ್ಯಾಟರಿ: ಇಷ್ಟು ಸೆಟ್ಟಿಗೆ ಬೆಳಗಾವಿಯ ಡೀಲರ್ ಒಂಬೈನೂರು ಹೇಳಿದ. ರೆಕಾರ್ಡಿಗೆ, ಮೊದಲ ಖರ್ಚಿಗೆ ಇನ್ನೂರು ಇಟ್ಟುಕೊಂಡು ನಾನೂರು ಕೈಯಲ್ಲಿ, ಉಳಿದದ್ದು ಬಡ್ಡಿ ಸೇರಿ ತಿಂಗಳಿಗೆ ಐವತ್ತೈದರಂತೆ ಹತ್ತು ಕಂತು, ಪ್ರತಿ ಇಂಗ್ಲಿಷ್ ತಿಂಗಳ ಒಂದನೇ ತಾರೀಖು. ಕರಾರಿನ ಕೊನೆಯ ಸಾಲನ್ನು ನಾನು ಓದಿ ಹೇಳಿದೆ: ಎರಡು ಕಂತು ತಪ್ಪಿದರೆ ಸೆಟ್ಟು ಡೀಲರನದು, ಅಲ್ಲಿಯವರೆಗೆ ಕಟ್ಟಿದ್ದೂ ಅವನದೇ.

ಕ್ಯಾಶ್ ನನ್ನ ಕೈಗೆ ಬಂತು. ಯಾರೂ ಚರ್ಚಿಸಲಿಲ್ಲ. ಇಬ್ಬರಿಗೂ ಇಂಗ್ಲಿಷಿನ ಕರಾರು ಓದಲು ಬರುತ್ತಿರಲಿಲ್ಲ, ನನಗೆ ಬರುತ್ತಿತ್ತು, ಅಷ್ಟೇ. ಹಾಸ್ಟೆಲಿನಲ್ಲಿ ಸಿಸ್ಟರ್ ನಮ್ಮ ಪಾಕೆಟ್ ಮನಿಯನ್ನು ಲಕೋಟೆಗಳಲ್ಲಿ ಹಾಕಿಸುತ್ತಿದ್ದರು: ಸೋಪಿಗೊಂದು, ಅಂಚೆಗೊಂದು, ಬಡವರ ಪೆಟ್ಟಿಗೆಗೊಂದು. ಒಂದರಿಂದ ಇನ್ನೊಂದಕ್ಕೆ ದುಡ್ಡು ತೆಗೆದರೆ ಚೀಟಿ ಬರೆದಿಡಬೇಕು. ಅದನ್ನೇ ಇಲ್ಲಿ ಮಾಡಿದೆ. ಕಂತು, ಬ್ಯಾಟರಿ, ಸೂಜಿ-ರೆಕಾರ್ಡು, ಚಕ್ಕಡಿ ಬಾಡಿಗೆ, ಮನೆ. ಐದು ಲಕೋಟೆ, ಒಂದು ಬಿಸ್ಕಿಟ್ ಡಬ್ಬಿ.

ದಲಾಲರು ಕ್ಯಾಲೆಂಡರನ್ನು ಬೆಳಕಿಗೆ ಹಿಡಿದು ನೋಡಿದರು.

“ವೈನಿ, ಇಷ್ಟ ಚಂದ ಗೆರಿ ಹೊಡದೀರಿ, ಗಾಜು ಹಾಕ್ಸಿ ಗ್ವಾಡಿಗಿ ತೂಗ ಬಿಡ್ರಿ.”

“ನಂಬರ್ ಓದ್ರಿ ಮೊದಲ. ಏಪ್ರಿಲ್‌ಕ್ಕ ಹತ್ತು ಮದುವಿ, ಮೇಕ್ಕ ಹದಿನಾಲ್ಕ ಅಂತ ಹಿಡದೇನಿ. ಹೋದ ವರ್ಷ ಎಷ್ಟ ಆಗಿದ್ವು ಅಂತ ಓಣಿ ಓಣಿ ಕೇಳಿ ಬರದದ್ದು.”

“ಬಿಡ್ರಿ ಬಿಡ್ರಿ, ನೀವು ಬರದದ್ದು ಎಲ್ಲೆ ಸುಳ್ಳ ಆಗತೈತಿ” ಎಂದು ಅವರು ಕೆಳಗೆ ಸಹಿ ಹಾಕಿದರು. ಯಜಮಾನರೂ ಹಾಕಿದರು.

ಚಳಿಗಾಲದ ತಿಂಗಳುಗಳು ನನ್ನ ಗೆರೆಗಳಿಗೆ ಹೆಚ್ಚು ಕಡಿಮೆ ಬದ್ಧವಾಗಿಯೇ ನಡೆದವು. ಕೆಲಸದ ಕ್ರಮ ಹೀಗಿತ್ತು. ಊರಲ್ಲಾದರೆ ಬಾಡಿಗೆ ಇಪ್ಪತ್ತೈದು, ಹಳ್ಳಿಯಾದರೆ ಚಕ್ಕಡಿ ಸೇರಿ ಮೂವತ್ತೈದು. ಮದುವೆಯ ಹಿಂದಿನ ದಿನ ಎರಡೂ ಬ್ಯಾಟರಿಯನ್ನು ಹಿಟ್ಟಿನ ಗಿರಣಿಯ ಎಂಜಿನ್ನಿಗೆ ಜೋಡಿಸಿ ಚಾರ್ಜ್ ಮಾಡಿಸುವುದು. ಗಾಜಿನ ಕೊಳವೆಯಿಂದ ಆಸಿಡ್ ಎಳೆದು ಒಳಗಿನ ತೇಲು ಎಷ್ಟು ಮೇಲೆ ನಿಲ್ಲುತ್ತದೆಂದು ನೋಡುವುದು. ಚಕ್ಕಡಿಯಲ್ಲಿ ಹುಲ್ಲು ಹಾಸಿ ಬ್ಯಾಟರಿಯನ್ನು ನೆಟ್ಟಗೆ ನಿಲ್ಲಿಸುವುದು. ರೆಕಾರ್ಡಿನ ಒಂದೊಂದು ಬದಿಗೂ ಹೊಸ ಸೂಜಿ. ಯಜಮಾನರು ಹಳೆಯ ಸೂಜಿಯನ್ನು ಕಲ್ಲಿಗೆ ಉಜ್ಜಿ ಮತ್ತೆ ಬಳಸುತ್ತಾರೆ ಎಂದು ಗೊತ್ತಾದದ್ದು ಸೂಜಿಯ ಲಕೋಟೆ ಬರಿದಾಗದೆ ಉಳಿದಾಗ. ಅವರು ಅದನ್ನು ಉಳಿತಾಯ ಎಂದರು, ನಾನು ರೆಕಾರ್ಡಿನ ಬೆಲೆ ನೆನಪಿಸಿದೆ.

ಕಷ್ಟ ಇದ್ದದ್ದು ವಸೂಲಿಯಲ್ಲಿ. ನಮ್ಮ ಕಡೆ ಮದುವೆಯ ಕೆಲಸಕ್ಕೆ ಯಾರನ್ನಾದರೂ ಹಿಡಿದರೆ ವೀಳ್ಯ ಕೊಡುತ್ತಾರೆ: ಎಲೆ, ಅಡಿಕೆ, ಒಂದೂಕಾಲು ರೂಪಾಯಿ. ಮಾತು ಗಟ್ಟಿಯಾಯಿತು. ಉಳಿದದ್ದು ಮದುವೆಯಾದ ಮೇಲೆ. ಮದುವೆಯಾದ ಮೇಲೆ ಎಂದರೆ ಬೀಗರು ಹೋದ ಮೇಲೆ, ಬಾಡಿಗೆ ಪಾತ್ರೆ ವಾಪಸ್ಸು ಕಳಿಸಿದ ಮೇಲೆ, ಜೋಳ ಮಾರಿದ ಮೇಲೆ. ನಾನು ಮೊದಲ ಮದುವೆಗೇ ಅರ್ಧ ಅಡ್ವಾನ್ಸ್ ಕೇಳಿದೆ. ಮುಧೋಳದ ಹೆಣ್ಣಿನ ತಂದೆ ನನ್ನನ್ನು ಬಿಟ್ಟು ಯಜಮಾನರತ್ತ ತಿರುಗಿ, “ಅಕ್ಷತಾ ಬೀಳೂದಕ್ಕಿಂತ ಮೊದಲ ರೊಕ್ಕ ಕೇಳ್ತಾರಲ್ಲೋ ತಮ್ಮಾ, ಮದುವಿ ಮುರೀತೈತಿ ಅಂತ ತಿಳದೀರೇನ?” ಎಂದರು. ಆ ಮೇಲೆ ನಾನು ಅಡ್ವಾನ್ಸ್ ಶಬ್ದ ಎತ್ತಲಿಲ್ಲ.

ಫೆಬ್ರುವರಿಯಲ್ಲಿ ಯಜಮಾನರು ಎರಡನೇ ಭೋಂಗಾದ ಮಾತು ತೆಗೆದರು. ಮೆರವಣಿಗೆಗೆ ಒಂದು ಸಾಲದು, ಹಿಂದೆ ನಡೆಯುವವರಿಗೆ ಕೇಳುವುದಿಲ್ಲ, ಬನಹಟ್ಟಿಯಲ್ಲಿ ಇನ್ನೊಬ್ಬರು ಸೆಟ್ಟು ತರುವವರಿದ್ದಾರಂತೆ. ತಂತಿ ಸೇರಿ ನೂರಿಪ್ಪತ್ತು. ನಾನು ಕ್ಯಾಲೆಂಡರ್ ತೆಗೆದು ನೋಡಿದೆ. ಏಪ್ರಿಲ್ಲಿನ ಮನೆ ತುಂಬಿತ್ತು, ಮೇ ಇನ್ನೂ ತುಂಬಿತ್ತು. ನನ್ನ ನಾಲ್ಕು ಬಳೆಗಳಲ್ಲಿ ಎರಡನ್ನು ಮಾರಿ, ಮೇ ಕೊನೆಗೆ ಹೊಸದು ಮಾಡಿಸುವುದೆಂದು ಲೆಕ್ಕ ಹಾಕಿದೆ. ಇದನ್ನು ಸ್ಪಷ್ಟವಾಗಿ ಬರೆಯುತ್ತೇನೆ, ಏಕೆಂದರೆ ಮನೆಯಲ್ಲಿ ಮಕ್ಕಳು ಈ ಕಥೆಯನ್ನು ಅಪ್ಪನ ದುಂದು ಎಂದೇ ಹೇಳುತ್ತ ಬೆಳೆದಿದ್ದಾರೆ. ಕೇಳಿದವರು ಅವರು; ಹೌದು ಅಂದವಳು ನಾನು. ಬಳೆ ಬಿಚ್ಚು ಎಂದು ಅವರು ಹೇಳಲೇ ಇಲ್ಲ.

ಯುಗಾದಿಯ ದಿನ ಬೇವು-ಬೆಲ್ಲ ಕೈಯಲ್ಲಿ ಹಿಡಿದು ಪಂಚಾಂಗ ಕೇಳಲು ಕೂತೆವು. ಓಣಿಯ ಜೋಶಿಯವರು ಹೊಸ ಪಂಚಾಂಗ ಬಿಚ್ಚಿ, ಮಳೆ ಎಷ್ಟು, ಬೆಳೆ ಎಷ್ಟು ಎಂದು ಓದಿ, ಸಹಜವಾಗಿ ಮುಂದುವರಿಸಿದರು: ಈ ಸಂವತ್ಸರದಲ್ಲಿ ವೈಶಾಖವೇ ಅಧಿಕ. ಮೊದಲು ಅಧಿಕ ವೈಶಾಖ, ಆಮೇಲೆ ನಿಜ ವೈಶಾಖ. ಅಧಿಕದಲ್ಲಿ ಮದುವೆ ಮುಂಜಿವೆ ಇಲ್ಲ.

ಅಂದರೆ ಹನ್ನೆರಡಲ್ಲ, ಹದಿಮೂರು ತಿಂಗಳ ವರ್ಷ. ನಾನು ಮನಸ್ಸಿನಲ್ಲೇ ಇಂಗ್ಲಿಷಿಗೆ ತಿರುಗಿಸಿದೆ. ಏಪ್ರಿಲ್ ಮಧ್ಯದಿಂದ ಮೇ ಮಧ್ಯದವರೆಗೆ, ನನ್ನ ಕ್ಯಾಲೆಂಡರಿನ ಅತಿ ತುಂಬಿದ ಮನೆಗಳ ನಟ್ಟನಡುವೆ, ಒಂದು ಇಡೀ ತಿಂಗಳು ಖಾಲಿ. ಮೂರು ವರ್ಷಕ್ಕೊಮ್ಮೆ ಬರುವ ತಿಂಗಳು ಎಂಬುದು ನನಗೂ ಗೊತ್ತಿದ್ದದ್ದೇ. ದೀಪಾವಳಿಯಲ್ಲಿ ಸ್ಕೇಲ್ ಹಿಡಿದಾಗ ನೆನಪಾಗಲಿಲ್ಲ, ಇಷ್ಟೇ.

ದಲಾಲರು ಮಧ್ಯಾಹ್ನದ ಊಟಕ್ಕೆ ಬಂದಿದ್ದರು. ಅವರಿಗೆ ಹೇಳಿದೆ. ಅವರು ಹೋಳಿಗೆ ಮುರಿಯುವುದನ್ನು ನಿಲ್ಲಿಸಲಿಲ್ಲ.

“ನಿಮಗ ಗೊತ್ತ ಐತಿ ಅಂತ ತಿಳಕೊಂಡಿದ್ದೆನ್ರಿ ವೈನಿ.”

“ನಿಮಗ ಗೊತ್ತಿತ್ತಾ? ದೀಪಾವಳಿಗೇ?”

“ಅಧಿಕ ಬರತೈತಿ ಅಂತ ಗೊತ್ತಿತ್ತು. ಬೆಲ್ಲದ ಮಂದಿಗಿ ಅದೆಲ್ಲ ಮೊದಲ ತಿಳದಿರತೈತಿ. ಆದ್ರ ನೀವು ಏಪ್ರಿಲ್, ಮೇ ಅಂತ ಬರದಿದ್ರಿ. ಇಂಗ್ಲಿಷ್ ತಿಂಗಳಿಗಿ ಅಧಿಕ ಬರೂದಿಲ್ಲಲ್ಲ, ಅವರದ ಏನರ ಬ್ಯಾರೆ ಲೆಕ್ಕ ಇರಬೇಕು ಅಂತ ಸುಮ್ಮಕಾದೆ.”

ಯಜಮಾನರು ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ಆಮೇಲೆ, ಬಹಳ ವರ್ಷಗಳ ನಂತರ, ಬಂತು.

ಸಂಜೆ ಡಬ್ಬಿ ತೆಗೆದು ಐದೂ ಲಕೋಟೆಗಳನ್ನು ಚಾಪೆಯ ಮೇಲೆ ಸುರಿದೆ. ಕೈಯಲ್ಲಿ ಎಪ್ಪತ್ತೊಂದು ರೂಪಾಯಿ ಚಿಲ್ಲರೆ. ಐದು ಮನೆಗಳಿಂದ ಬರಬೇಕಾದದ್ದು ನೂರಾ ನಲವತ್ತು. ಏಪ್ರಿಲ್ ಒಂದಕ್ಕೆ ಐವತ್ತೈದು, ಮೇ ಒಂದಕ್ಕೆ ಐವತ್ತೈದು, ಜೂನ್ ಒಂದಕ್ಕೆ ಐವತ್ತೈದು. ಮದುವೆಗಳು ಎಲ್ಲಿಗೂ ಓಡಿಹೋಗಿರಲಿಲ್ಲ. ವೈಶಾಖಕ್ಕೆಂದು ಆಗಲೇ ಬಂದಿದ್ದ ಹನ್ನೊಂದು ವೀಳ್ಯ ನಿಜ ವೈಶಾಖದವೇ ಆಗಿದ್ದವು. ವರ್ಷದ ಲೆಕ್ಕ ಹಾಕಿದರೆ ಲಾಭವೇ. ಆದರೆ ಲಾಭ ಮೇ ಕೊನೆಗೆ ಬರುವುದು, ಬಾಡಿಗೆಯ ದುಡ್ಡು ನಮ್ಮ ಜನ ಕೊಡುವ ರೀತಿಯಲ್ಲಿ ಕೊಟ್ಟರೆ ಆಗಸ್ಟಿಗೆ ಬರುವುದು, ಸೆಟ್ಟು ಜೂನ್ ಒಂದಕ್ಕೇ ಹೋಗುವುದು. ಕಾಗದದ ಮೇಲೆ ನಾವು ಬದುಕಿದ್ದೆವು, ಡಬ್ಬಿಯಲ್ಲಿ ಇರಲಿಲ್ಲ.

ದಲಾಲರು ಒಂದು ದಾರಿ ಹೇಳಿದರು. ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಮೇ, ಜೂನ್ ಎರಡೂ ಕಂತು ಅವರು ಕಟ್ಟುತ್ತಾರೆ. ಮುಕ್ಕಾಲು ಪಾಲು ಅವರದು. ಸೆಟ್ಟು ಮಹಾಲಿಂಗಪುರದ ಅವರ ಅಡತಿ ಅಂಗಡಿಯಲ್ಲಿರುತ್ತದೆ. ಯಜಮಾನರಿಗೆ ತಿಂಗಳಿಗೆ ಮೂವತ್ತು ಪಗಾರ. ಯಜಮಾನರು “ನೋಡೂಣು” ಎಂದರು. ಪುಣೆಯ ಅಂಗಡಿಯಿಂದ ಬಂದ ದಿನ, ಇನ್ನು ಯಾರ ಪಗಾರವನ್ನೂ ತಿನ್ನುವುದಿಲ್ಲ ಎಂದು ಅವರು ನನಗೆ ಹೇಳಿದ್ದರು. ಅದನ್ನು ಇಬ್ಬರೂ ಆಗ ಎತ್ತಲಿಲ್ಲ.

ಏಪ್ರಿಲ್ಲಿನ ಕಂತು ಕಟ್ಟಿ, ಉಳಿದ ಹದಿನಾರು ರೂಪಾಯಿಯಲ್ಲಿ ನಾನು ವಸೂಲಿಗೆ ಹೊರಟೆ. ಹೆಂಗಸು ಬಂದರೆ ಇಲ್ಲ ಅನ್ನುವುದು ಕಷ್ಟ ಎಂದು ನನ್ನ ಎಣಿಕೆ. ಅಷ್ಟೇನೂ ಕಷ್ಟವಲ್ಲ ಎಂದು ತಿಳಿಯಿತು. ಮುಧೋಳದವರು ಇಪ್ಪತ್ತು ಕೊಟ್ಟು, ಊಟ ಹಾಕಿ ಕಳಿಸಿದರು. ಬೀಳಗಿಯ ಎರಡು ಮನೆಗಳಿಂದ ಇಪ್ಪತ್ತೈದು ಬಂತು, ಜೊತೆಗೆ ಒಂದು ಪೆಂಟಿ ಬೆಲ್ಲ. ಬಸ್ಸಿನಲ್ಲಿ ಬೆಲ್ಲಕ್ಕೆ ಪ್ರತ್ಯೇಕ ಚಾರ್ಜು ಹಿಡಿದರು. ಬನಹಟ್ಟಿಯ ಮನೆಗೆ ಬೀಗ. ಕೊನೆಗೆ ರಬಕವಿ. ಅಲ್ಲಿ ಹನ್ನೆರಡು ಕೈಮಗ್ಗಗಳ ಯಜಮಾನರೊಬ್ಬರು, ಮಾಘದಲ್ಲಿ ಹಿರಿಯ ಮಗಳ ಮದುವೆಗೆ ನಮ್ಮ ಸೆಟ್ಟು ಹಾಕಿಸಿ ಮೂವತ್ತೈದು ಉಳಿಸಿಕೊಂಡಿದ್ದರು. ನಿಜ ವೈಶಾಖದಲ್ಲಿ ಕಿರಿಯ ಮಗಳದಕ್ಕೂ ವೀಳ್ಯ ಕೊಟ್ಟಿದ್ದರು. ಮಗ್ಗಗಳ ಸಪ್ಪಳದಲ್ಲಿ ಕೂಗಿಯೇ ಮಾತಾಡಬೇಕು.

“ರೊಕ್ಕ ಎಲ್ಲಿಂದ ತರಲಿ ಅಕ್ಕಾರ? ಅಧಿಕದಾಗ ಮದುವಿ ಇಲ್ಲ, ಮದುವಿ ಇಲ್ಲದ ಸೀರಿ ಯಾರ ಒಯ್ತಾರು? ಮಾಲೆಲ್ಲ ಅಟ್ಟದ ಮ್ಯಾಲ ಕುಂತೈತಿ. ಬೇಕಾದ್ರ ಒಂದ ಸೀರಿ ತಗೊಂಡ ಹೋಗ್ರಿ.”

“ಬೆಳಗಾವಿ ಡೀಲರ್ ಸೀರಿ ತಗೊಳ್ಳೂದಿಲ್ಲರಿ.”

“ಅವನ ಹೇಂತಿ ತಗೋತಾಳ ಏನ್ ಕೇಳ್ರಿ!”

ಮಗ್ಗದ ಗುಂಡಿಯಿಂದ ಯಾರೋ ನಕ್ಕರು. ನಾನು ಸೀರೆ ತಂದೆ. ಲಕೋಟೆಗೆ ಹಿಡಿಸದ್ದರಿಂದ ಡಬ್ಬಿಯ ಕೆಳಗೆ ಇಟ್ಟು, ಚೀಟಿ ಬರೆದೆ: ಸೀರೆ ಒಂದು, ರಬಕವಿ, ಬಾಕಿಗೆ.

ನಲವತ್ತೈದು ನಗದು ಬಂದಿತ್ತು. ಏಪ್ರಿಲ್ಲಿನ ಮನೆಖರ್ಚು, ಬಸ್ಸು ಕಳೆದು ಇಪ್ಪತ್ಮೂರು ಉಳಿಯಿತು. ಸುಮ್ಮನೆ ಬಿದ್ದಿದ್ದರೂ ಬ್ಯಾಟರಿಗೆ ಖರ್ಚಿದೆ ಎಂಬುದನ್ನು ಆ ತಿಂಗಳು ಕಲಿತೆ. ಹದಿನೈದು ದಿನಕ್ಕೊಮ್ಮೆ ಚಾರ್ಜ್ ಮಾಡದಿದ್ದರೆ ಒಳಗಿನ ತಗಡುಗಳಿಗೆ ಬಿಳಿ ಕಟ್ಟಿ ಕೆಡುತ್ತವೆ. ಹಾಗಾಗಿ ಅಧಿಕ ಮಾಸದ ಪುರಾಣಕ್ಕೆ ಗುಡಿಯವರು ಸೆಟ್ಟು ಕೇಳಿದಾಗ, ದಿನಕ್ಕೆ ಎಂಟಾಣೆಗೆ ಒಪ್ಪಿದೆವು. ಗಿರಣಿಯವನ ಚಾರ್ಜಿಗೆ ಸರಿಹೋಗುತ್ತಿತ್ತು. ಲಾಭ ಎಂದರೆ ಪ್ರಸಾದ.

ಪುರಾಣ ಮುಗಿದ ಮೇಲೆ ಸಂಜೆ, ಎಣ್ಣೆ, ಕಾಯಿ, ಬೆಲ್ಲ ಕೊಟ್ಟವರ ಹೆಸರನ್ನು ಯಜಮಾನರು ಮೈಕಿನಲ್ಲಿ ಓದುತ್ತಿದ್ದರು. ಮೊದಲ ದಿನ ನಾಲ್ಕು ಹೆಸರು. ಮೂರನೆಯ ದಿನ ಹದಿನೇಳು. ಒಂದು ವಾರಕ್ಕೆ ಪಟ್ಟಿ ಪುರಾಣಕ್ಕಿಂತ ಉದ್ದವಾಯಿತು. ಒಬ್ಬ ಅಜ್ಜಿ ಬಂದು ಯಜಮಾನರನ್ನು ತಡೆದು ನಿಲ್ಲಿಸಿದಳು.

“ಏ ಭೋಂಗಾದಾಂವ, ನಿನ್ನೆ ಆಕಿ ಐದ ಕಾಯಿ ಕೊಟ್ಟದ್ದು ತುಬಚಿ ಊರಿನತನ ಕೇಳಿಸಿದಿ. ನನ್ನ ಹನ್ನೊಂದ ಕಾಯಿ ನಿನ್ನ ಬಾಯಾಗ ಉಳೀತಲ್ಲೋ?”

“ಬ್ಯಾಟರಿ ಇಳದಿತ್ತು ಅಜ್ಜಿ.”

“ಹಂಗಾರ ನಾಳೆ ಮತ್ತ ಹನ್ನೊಂದ ಕೊಡ್ತೀನಿ. ಬ್ಯಾಟರಿ ಏರಿಸಿಕೊಂಡ ಓದು.”

ನಾನು ಹೆಂಗಸರ ಸಾಲಿನಲ್ಲಿ ಕೂತು ಇದನ್ನು ಕೇಳಿದೆ. ಆ ಕ್ಷಣದಲ್ಲಿ ಏನೋ ದೊಡ್ಡದು ಹೊಳೆಯಿತು ಎಂದೇನೂ ಅಲ್ಲ. ಕಾಯಿ ಎಣಿಸುವ ಬದಲು ರೂಪಾಯಿ ಎಣಿಸುವ ಜಾಗ ಯಾವುದು ಎಂದು ಯೋಚಿಸುತ್ತ ಮನೆಗೆ ನಡೆದೆ. ಆ ಜಾಗ ಮದುವೆಯ ಮುಯ್ಯಿ. ಅಕ್ಷತೆ ಬಿದ್ದ ಮೇಲೆ ಬಂಧುಗಳು ಒಬ್ಬೊಬ್ಬರೇ ಬಂದು ಹಣ, ಬಟ್ಟೆ ಕೊಡುತ್ತಾರೆ. ಒಬ್ಬರು ತಾಟು ಹಿಡಿದು, ಇನ್ನೊಬ್ಬರು ಬರೆದುಕೊಳ್ಳುತ್ತಾರೆ, ಮುಂದೆ ಅವರ ಮನೆಯ ಮದುವೆಗೆ ತಿರುಗಿಸಬೇಕಲ್ಲ. ಇಡೀ ಮದುವೆಯಲ್ಲಿ ಹೆಣ್ಣಿನ ಮನೆಯವರ ಕೈಗೆ ನಗದು ಬರುವ ಒಂದೇ ಗಳಿಗೆ ಅದು. ನಮ್ಮ ಮೈಕು ಆಗ ಸುಮ್ಮನಿರುತ್ತಿತ್ತು. ರೆಕಾರ್ಡು ಹಾಕಿ ಯಜಮಾನರು ಊಟಕ್ಕೆ ಹೋಗುತ್ತಿದ್ದರು.

ಮೇ ಒಂದು ಹತ್ತಿರ ಬಂತು. ಇಪ್ಪತ್ಮೂರರಿಂದ ಐವತ್ತೈದು ಆಗುವುದಿಲ್ಲ. ದಲಾಲರ ಮಾತಿಗೆ ಉತ್ತರ ಕೊಡಬೇಕಿತ್ತು. ಯಜಮಾನರು ಸ್ಟೂಲಿನ ಮೇಲೆ ಕೂತು ಎರಡನೇ ಭೋಂಗಾದ ಕಂಠವನ್ನು ಎಣ್ಣೆಯ ಅರಿವೆಯಿಂದ ಒರೆಸುತ್ತಿದ್ದರು. ನಾನು ಹೇಳಿದೆ:

“ಅದನ್ನ ವಾಪಸ್ ಕೊಡೂಣು.”

ಅವರು ಒರೆಸುವುದನ್ನು ನಿಲ್ಲಿಸಲಿಲ್ಲ. “ಡೀಲರ್ ನೂರಿಪ್ಪತ್ತಕ್ಕ ತಗೊಳ್ಳೂದಿಲ್ಲ.”

“ಐವತ್ತೈದಕ್ಕ ತಗೊಂಡ್ರ ಸಾಕು. ಒಂದ ಕಂತು.”

“ನಿನ್ನ ಬಳಿ ಅವು.”

“ಬಳಿ ಹೋಗಿ ಆಗಲೇ ಎರಡ ತಿಂಗಳಾತು. ಈಗ ಇದು ಬರೇ ಭೋಂಗಾ.”

ಮೂರನೆಯ ದಿನ ಅವರು ಅದನ್ನು ಹಳೆಯ ಜಮಖಾನೆಯಲ್ಲಿ ಸುತ್ತಿ, ಬಸ್ಸಿನ ಟಾಪಿಗೆ ಹಾಕಲು ಕೊಡದೆ ತೊಡೆಯ ಮೇಲಿಟ್ಟುಕೊಂಡು ಬೆಳಗಾವಿಗೆ ಹೋದರು. ಬಳಸಿದ ಮಾಲು, ಅಂಚಿನಲ್ಲಿ ನೆಗ್ಗು ಬೇರೆ ಎಂದು ಡೀಲರ್ ನಲವತ್ತರಿಂದ ಶುರುಮಾಡಿ ಐವತ್ತೈದಕ್ಕೆ ನಿಂತನಂತೆ. ಮೇ ತಿಂಗಳ ರಸೀದಿ ಬಂತು. ದಲಾಲರಿಗೆ ನಾನೇ ಕಾರ್ಡು ಬರೆದೆ: ಪಾಲು ಇದ್ದ ಹಾಗೆಯೇ ಇರಲಿ.

ಆದರೆ ಅದು ಒಂದು ತಿಂಗಳನ್ನು ಕೊಂಡದ್ದು, ಅಷ್ಟೇ. ಇನ್ನೊಂದು ಭೋಂಗಾ ಇರಲಿಲ್ಲ ಮಾರಲು. ಅದಕ್ಕೇ ನಾನು ಹನ್ನೊಂದೂ ವೀಳ್ಯದ ಮನೆಗಳಿಗೆ ಮತ್ತೆ ಹೋದೆ, ಹೊಸ ಕರಾರು ಹಿಡಿದುಕೊಂಡು. ಮುಯ್ಯಿಯನ್ನು ನಾವು ಮೈಕಿನಲ್ಲಿ ಕೂಗುತ್ತೇವೆ, ಒಬ್ಬರ ಹೆಸರೂ ಬಿಡದೆ, ಎಲ್ಲರಿಗೂ ಒಂದೇ ದನಿ. ಅದಕ್ಕೆ ಬೇರೆ ಬಾಡಿಗೆ ಇಲ್ಲ. ಆದರೆ ಪಟ್ಟಿ ಮುಗಿದು ತಾಟು ಒಳಗೆ ಹೋಗುವ ಮೊದಲು ನಮ್ಮ ಬಾಡಿಗೆ ಅದೇ ತಾಟಿನಿಂದ ಕೊಡಬೇಕು. ಒಪ್ಪದಿದ್ದರೆ ವೀಳ್ಯ ವಾಪಸ್ಸು.

ಇದು ಕೇಳಿ ದಲಾಲರು ಮಹಾಲಿಂಗಪುರದಿಂದ ಓಡಿ ಬಂದರು.

“ವೈನಿ, ತಲಿ ಕೆಟ್ಟೈತೇನ್ರಿ? ಕೊಟ್ಟ ವೀಳ್ಯ ಹೊಳ್ಳಿ ಕೊಡೂದಂದ್ರ ನಿಶ್ಚಯ ಆದ ಹುಡುಗೀನ ಒಲ್ಲೆ ಅಂದಂಗ. ಊರಾಗ ತಿರಗ್ಯಾಡೂದ ಆಗೂದಿಲ್ಲ.”

“ಬಾಡಿಗಿ ಆಗಸ್ಟಿಗಿ ಬಂದ್ರ ತಿರಗ್ಯಾಡಾಕ ಮಶೀನ ಇರೂದಿಲ್ಲ.”

“ಮೂರ ಮಂದಿ ಒಪ್ಪಿದ್ರ ನನ್ನ ಹೆಸರ ಬ್ಯಾರೆ ಇಡ್ರಿ.”

ಮೂವರು ಒಪ್ಪಲಿಲ್ಲ. ಅವರಿಗೆ ಒಂದೂಕಾಲು ರೂಪಾಯಿಯಂತೆ ಎಲೆ ಅಡಿಕೆಯ ಸಮೇತ ತಿರುಗಿಸಿದೆ. ಒಬ್ಬರು ಎಲೆಯನ್ನು ಮುಟ್ಟದೆ ಕಟ್ಟೆಯ ಮೇಲೆ ಬಿಟ್ಟು ಒಳಗೆ ಹೋದರು. ಏಳು ಮಂದಿ ಒಪ್ಪಿದರು, ಒಬ್ಬರು ಯೋಚಿಸುತ್ತೇವೆ ಎಂದರು. ಆ ಒಬ್ಬರು ರಬಕವಿಯ ಮಗ್ಗದ ಯಜಮಾನರು, ಮತ್ತು ನಿಜ ವೈಶಾಖದ ಮೊಟ್ಟಮೊದಲ ಮದುವೆ ಅವರದೇ.

“ನಾ ಏನ ಓಡಿ ಹೋಗಾಂವ ಏನ್ರಿ ಅಕ್ಕಾರ?” ಎಂದರು, ಈ ಸಲ ಮಗ್ಗ ನಿಲ್ಲಿಸಿ.

“ನೀವ ಓಡಿ ಹೋಗೂದಿಲ್ಲರಿ. ನಮ್ಮ ಮಶೀನ ಓಡಿ ಹೋಗತೈತಿ.”

“ಮೈಕಿನ್ಯಾಗ ಒದರಿದ್ರ ಮುಯ್ಯಿ ಹೆಚ್ಚಾಗತೈತಿ ಅಂತೀರಿ. ಕಡಿಮಿ ಆದ್ರ? ಹತ್ತಾಣೆ ಕೊಡಾವರು ನಾಚಿಕೊಂಡ ಹಿಂದ ಸರದ್ರ?”

ನಾನು ಅದನ್ನು ಯೋಚಿಸಿರಲಿಲ್ಲ. ಒಪ್ಪಿಕೊಂಡೆ. “ಅಂಥಾವರದ ಹೆಸರಷ್ಟ ಓದೂಣು, ರೂಪಾಯಿ ಓದೂದ ಬ್ಯಾಡ. ಹೋದ ಮದುವಿಗಿಂತ ಕಡಿಮಿ ಆದ್ರ ಬಾಡಿಗಿ ಬಿಟ್ಟೆ.”

ಅವರು ಲಾಳಿಯನ್ನು ಅಂಗೈಯಲ್ಲಿ ಹೊರಳಿಸಿದರು. “ಬಿಟ್ಟೆ ಅಂತ ಬರದ ಕೊಡ್ರಿ.” ಬರೆದುಕೊಟ್ಟೆ.

ಮದುವೆಯ ದಿನ ಯಜಮಾನರು ಉಳಿದ ಒಂದೇ ಭೋಂಗಾವನ್ನು ಬೇವಿನ ಮರದ ಎತ್ತರದ ಟೊಂಗೆಗೆ ಕಟ್ಟಿ, ಮೈಕಿಗೆ ಬೆನ್ನು ಮಾಡಿ ಬೀದಿಯತ್ತ ತಿರುಗಿಸಿದರು. ಎರಡೂ ಎದುರುಬದುರಾದರೆ ಸೀಟಿ ಹೊಡೆಯುತ್ತದೆ. ಪಟ್ಟಿ ಓದಲು ದಲಾಲರೇ ಮುಂದೆ ಬಂದರು. ಇಪ್ಪತ್ತು ವರ್ಷ ಬೆಲ್ಲದ ಹರಾಜಿನಲ್ಲಿ ಸವಾಲು ಕೂಗಿದ ಗಂಟಲು. ಮೊದಲ ಎರಡು ಹೆಸರನ್ನು ಮರ್ಯಾದೆಯಿಂದ ಓದಿದರು. ಮೂರನೆಯದಕ್ಕೆ ಅಭ್ಯಾಸ ಬಾಯಿಗೆ ಬಂದುಬಿಟ್ಟಿತು.

“ತೇರದಾಳ ಮಾವನವರದು ಐದು ರೂಪಾಯಿ! ಐದ, ಐದ, ಐದ ರೂಪಾಯಿ ಒಂದ ವಾರ...”

ಚಪ್ಪರವೆಲ್ಲ ಗೊಳ್ಳೆಂದಿತು. ಹಿಂದಿನಿಂದ ಒಬ್ಬರು, “ಏಳು! ಬನಹಟ್ಟಿ ಕಾಕಾಂದು ಏಳು!” ಎಂದು ಕೂಗಿದರು. ತೇರದಾಳದ ಮಾವ ಎದ್ದು ನಿಂತು ಇನ್ನೂ ಮೂರು ಹಾಕಿದರು. ನಾನು ಹೆಂಗಸರ ಕಡೆ ಕೂತು ಯಜಮಾನರನ್ನು ನೋಡುತ್ತಿದ್ದೆ. ಅವರು ಹೆಸರುಗಳನ್ನು ಕೇಳುತ್ತಿರಲಿಲ್ಲ, ಒಂದು ಕೈಯನ್ನು ಬ್ಯಾಟರಿಯ ತಂತಿಯ ಮೇಲಿಟ್ಟು ಬಿಸಿ ನೋಡುತ್ತಿದ್ದರು. ನಾಲ್ಕಾಣೆ, ಎಂಟಾಣೆ ಕೊಟ್ಟವರ ಹೆಸರಷ್ಟೇ ಬಂದವು, ಅಷ್ಟೇ ಜೋರಾಗಿ. ಪಟ್ಟಿ ಮುಗಿದಾಗ ಮಗ್ಗದ ಯಜಮಾನರು ಎರಡು ಸಲ ಎಣಿಸಿದರು. ಹಿರಿಯಳ ಮದುವೆಗಿಂತ ಹೆಚ್ಚು ಕಡಿಮೆ ಒಂದೂವರೆಪಟ್ಟು. ತಾಟಿನಿಂದ ಮೂವತ್ತೈದು ಎಣಿಸಿ ನನ್ನ ಸೆರಗಿಗೆ ಸುರಿದರು, ಎಲ್ಲ ಅರಿಸಿನ ಹತ್ತಿದ ನಾಣ್ಯ.

“ಆ ಸೀರಿ ಹೊಳ್ಳಿ ತಂದೀರೇನ್ರಿ? ಮಾಘದ್ದೂ ಈಗ ತೀರಸ್ತೇನಿ.”

“ಉಟಗೊಂಡೇನ್ರಿ” ಎಂದೆ. ಅವರು ಆಗ ಗಮನಿಸಿದರು. ನಾನು ಉಟ್ಟದ್ದು ಅದೇ ಸೀರೆ.

ಮೇ ಮುಗಿಯುವುದರೊಳಗೆ ಐದು ಮದುವೆಗಳಾದವು. ಚಕ್ಕಡಿ, ಗಿರಣಿ, ಮನೆ ಕಳೆದು ಲಕೋಟೆಗಳಲ್ಲಿ ನೂರಾ ಎಂಟು ರೂಪಾಯಿ ನಿಂತಿತು. ಜೂನ್ ಒಂದಕ್ಕೆ ಇಬ್ಬರೂ ಬೆಳಗಾವಿಗೆ ಹೋದೆವು. ಡೀಲರನ ಗುಮಾಸ್ತ ಹಳದಿ ನಾಣ್ಯಗಳನ್ನು ಒಂದೊಂದೇ ಒರೆಸಿ ಎಣಿಸಿ, ಬೆರಳು ಮೂಸಿ ನೋಡಿ, ರಸೀದಿ ಹರಿದುಕೊಟ್ಟ. ಸೆಟ್ಟು ಉಳಿಯಿತು. ಯಜಮಾನರು ಯಾರ ಪಗಾರಕ್ಕೂ ಹೋಗಬೇಕಾಗಲಿಲ್ಲ.

ಹೊರಗೆ ಬಂದಾಗ ಅವರು ಅಂಗಡಿಯ ಕಿಟಕಿಯ ಮುಂದೆ ನಿಂತರು. ಗಾಜಿನ ಹಿಂದೆ ನಮ್ಮ ಭೋಂಗಾ ಇತ್ತು, ಅಂಚಿನಲ್ಲಿ ಚಕ್ಕಡಿಯ ಗೂಟ ತಾಗಿ ಆದ ನೆಗ್ಗಿನ ಸಮೇತ. ಎಂಬತ್ತೈದು ಎಂದು ಚೀಟಿ. ನನ್ನ ಚೀಲದಲ್ಲಿ ಐವತ್ಮೂರು ಉಳಿದಿತ್ತು. ಅರ್ಧ ಕೊಟ್ಟು ಉಳಿದದ್ದಕ್ಕೆ ಕಂತು ಎಂದಿದ್ದರೆ ಡೀಲರ್ ಇಲ್ಲ ಅನ್ನುತ್ತಿರಲಿಲ್ಲ. ಅದೇ ಚೀಲದಲ್ಲಿ ಪಂಚಾಂಗವೂ ಇತ್ತು. ಈಗ ಅದಿಲ್ಲದೆ ನಾನು ಎಲ್ಲಿಗೂ ಹೋಗುತ್ತಿರಲಿಲ್ಲ. ಇನ್ನು ಮೂರು ಮದುವೆ, ಆಮೇಲೆ ಆಷಾಢ, ಶ್ರಾವಣ, ಭಾದ್ರಪದ, ಒಂದು ಮದುವೆಯೂ ಇಲ್ಲದೆ ಮೂರು ಕಂತು.

ಚೀಲದಲ್ಲಿ ಎಷ್ಟಿದೆ ಎಂದು ಅವರು ಕೇಳಲಿಲ್ಲ. ನಾನು ಹೇಳಲೂ ಇಲ್ಲ. ಅವರು ನೋಡುತ್ತಿದ್ದದ್ದು ಭೋಂಗಾವನ್ನೋ, ಅದರಲ್ಲಿ ಹೋದ ನನ್ನ ಬಳೆಗಳನ್ನೋ, ಇಂದಿಗೂ ನನಗೆ ತಿಳಿಯದು. ಈಗ ಕೇಳಲು ಅವರಿಲ್ಲ.

“ಬಸ್ಸಿಗಿ ಹೊತ್ತಾತು” ಎಂದೆ.

ಸೆಪ್ಟೆಂಬರಿನಲ್ಲಿ ಕೊನೆಯ ಕಂತು ಕಟ್ಟಿ ಹೊರಬಂದಾಗ ಇಬ್ಬರೂ ಕಿಟಕಿಯ ಕಡೆ ನೋಡಿದೆವು. ಅಲ್ಲಿ ಒಂದು ಹೊಲಿಗೆ ಮಶೀನು ಇತ್ತು.